ಪರದೆಯಾಚೆಯ ಟಕ್ ಟಕ್ ಧಡ್

ನಮ್ಮ ಅಂಚೆ ಕಚೇರಿಯಲ್ಲಿ ಬಡ್ತಿ ಬೇಕಿದ್ದರೆ ಕೆಲಸ ಬಂದರೆ ಸಾಲದು, ಸಾಹೇಬರಿಗೆ ನೆಂಟರಾಗಿರಬೇಕು. ಹಿಂದಿನ ಕೋಣೆಯಲ್ಲಿ ಕಾಗದಗಳಿಗೆ ತಾರೀಕಿನ ಸೀಲು ಹೊಡೆದು ಹೊಡೆದು ನನ್ನ ಅತ್ತಿಗೆಯ ಬಲತೋಳು ಪೈಲ್ವಾನರದಂತಾಗಿತ್ತು. ಆದರೂ ಮೇಲ್ವಿಚಾರಕಿಯ ಕುರ್ಚಿ ಪ್ರತಿಸಲ ಇನ್ಯಾರ ಪಾಲಿಗೋ ಹೋಗುತ್ತಿತ್ತು. ಅತ್ತಿಗೆ ನಕ್ಕುಬಿಡುತ್ತಿದ್ದರು. ಪಾರ್ಸೆಲ್ ಕೌಂಟರಿನಲ್ಲಿದ್ದ ನಾನು ಉರಿದುಬೀಳುತ್ತಿದ್ದೆ.

ಈ ಸಲ ಎಲ್ಲರೂ ಜಗಳ ತೆಗೆದಾಗ ಸಾಹೇಬರು ಎದೆಯುಬ್ಬಿಸಿದರು. "ಪರದೆ ಕಟ್ಟಿ! ಬಡ್ತಿ ಕೇಳಿರೋ ಮೂರು ಜನ ಆಚೆ ಒಬ್ಬೊಬ್ಬರಾಗಿ ಸೀಲು ಹೊಡೀಲಿ, ನಾನು ಈಚೆ ಕೂತು ಬರೀ ಕೇಳಿಸ್ಕೋತೀನಿ. ಯಾರ ಕೈ ಚುರುಕೋ ಅವ್ರಿಗೆ ಬಡ್ತಿ. ಆಮೇಲೆ ಮಾತು ಬದಲಾಯಿಸೋ ಹಾಗಿಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಬೆಳಿಗ್ಗೆ ಸಹಿಗೆಂದು ಸಾಹೇಬರ ಕೋಣೆಗೆ ಹೋದಾಗ ಆ ಮೂವರಲ್ಲೊಬ್ಬನಾದ ಅವರ ಭಾವಮೈದ ಮೇಜು ಕುಟ್ಟುತ್ತಿದ್ದ. ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಅತ್ತಿಗೆ, ಗುರುತು ಹೇಳ್ಕೊಟ್ಟಾಗಿದೆ! ಟಕ್ ಟಕ್ ಧಡ್!" ಎಂದೆ.

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುಲು ನಕ್ಕರು. "ಸುಮ್ನಿರೇ, ನೋಡ್ತಿರು."

ಮೊದಲು ಮುದುಕ ಗುಮಾಸ್ತರೊಬ್ಬರು ಹೊಡೆದರು. ಪರದೆಯ ಈಚೆ ಸಾಹೇಬರು ಆಕಳಿಸಿದರು. ಎರಡನೆಯವರು ಶುರುಮಾಡಿದರು: ಮಸಿಯ ಮೆತ್ತೆಗೆ ಟಕ್ ಟಕ್, ಕಾಗದಕ್ಕೆ ಧಡ್.

"ಇದೇ ಕೈ!" ಸಾಹೇಬರು ಕುರ್ಚಿಯಿಂದ ಜಿಗಿದರು. "ಇನ್ಯಾರೂ ಬೇಡ, ಇವ್ರಿಗೇ ಬಡ್ತಿ!"

"ಭಾವ, ನಾನಿನ್ನೂ ಶುರುನೇ ಮಾಡಿಲ್ಲ!" ಎಂದು ಭಾವಮೈದ ಕಿರುಚಿದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದ!

ನಾನು ಪರದೆ ಎಳೆದೆ. ಸೀಲು ಹಿಡಿದು ನಿಂತಿದ್ದವರು ಅತ್ತಿಗೆ.

"ಅದು... ಅದು ಇವನ ತಾಳ..." ಸಾಹೇಬರು ತೊದಲಿದರು.

"ಕೆಲಸಕ್ಕೆ ಸೇರಿದಾಗ ಇವ್ನ ಕೈ ಹಿಡಿದು ಕಲಿಸಿದ್ದು ನಾನೇ ಅಲ್ವಾ ಸಾರ್?"

ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾತು ಬದಲಾಯಿಸುವ ಹಾಗಿಲ್ಲವಲ್ಲ! ಅಷ್ಟರಲ್ಲಿ ಅತ್ತಿಗೆ, "ಅವ್ನೂ ಹೊಡೀಲಿ ಸಾರ್. ನ್ಯಾಯ ಅಂದ್ಮೇಲೆ ಎಲ್ರಿಗೂ ನ್ಯಾಯ," ಎಂದುಬಿಟ್ಟರು. ನಾನು ಅವರ ಸೊಂಟ ಚಿವುಟಿದೆ. ಅವರು ಕದಲಲಿಲ್ಲ.

ಭಾವಮೈದ ಸಾಹೇಬರ ಮುಖ ನೋಡುತ್ತಲೇ ಸೀಲೆತ್ತಿದ. ಟಕ್ ಟಕ್, ಅಯ್ಯೋ! ಧಡ್ ಬಿದ್ದದ್ದು ಅವನ ಎಡಗೈ ಮೇಲೆ.

ನಮ್ಮ ಕಚೇರಿಯ ಮಸಿ ಬೇಗ ಹೋಗುವುದಿಲ್ಲ. ವಾರವಿಡೀ ಅವನು ಆ ಕೈಯಿಂದಲೇ ಹೊಸ ಮೇಲ್ವಿಚಾರಕಿಗೆ ಕಾಗದದ ಕಟ್ಟು ತಂದುಕೊಟ್ಟ. ಅತ್ತಿಗೆಗೆ ಬಡ್ತಿ ಸಿಕ್ಕ ತಾರೀಕು ಆ ಕೈ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.