ಭಾವನವರ ಬೆನ್ನಿಗೆ ದೀಪ

ನಮ್ಮ ಮನೆಯ ಟ್ರ್ಯಾಕ್ಟರನ್ನು ನಾನು ಭಾವನವರು ಎಂದು ಕರೆಯುತ್ತೇನೆ. ಮಾವನವರು ಅದನ್ನು ಕೊಂಡು ತಂದ ಮರುವರ್ಷ ನನ್ನ ಗಂಡ ಹುಟ್ಟಿದರು. ಹಾಗಾಗಿ ಅದು ವರಸೆಯಲ್ಲಿ ಅವರಿಗೆ ಅಣ್ಣ, ನನಗೆ ಭಾವ. ಮನೆಯಲ್ಲಿ ಅದಕ್ಕೆ ಸಲ್ಲುವ ಮರ್ಯಾದೆಯೂ ಅಂಥದ್ದೇ. ಅದು ನಿಲ್ಲುವ ಶೆಡ್ಡಿಗೆ ಹೊಸ ತಗಡು ಹೊದಿಸಿದ ಮೇಲೆ, ಅಲ್ಲಿಂದ ಕಿತ್ತ ಹಳೆಯ ತಗಡು ನಮ್ಮ ಅಡುಗೆಮನೆಯ ಸೋರುವ ಮೂಲೆಗೆ ಬಂತು. ಭಾನುವಾರ ಬೆಳಿಗ್ಗೆ ಎಣ್ಣೆಬಟ್ಟೆ ಹಿಡಿದು ಅದರ ಮೈ ಉಜ್ಜುವಾಗ ಇವರ ಮುಖ ನೋಡಬೇಕು. ನಮ್ಮ ಮದುವೆಯ ಫೋಟೋಗಳಲ್ಲಿ ಆ ಮುಖಕ್ಕಾಗಿ ಹುಡುಕಿದ್ದೇನೆ. ಸಿಕ್ಕಿಲ್ಲ.

ಇವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರೆ ಬರುವುದು ಕತ್ತಲಾಗುವ ಹೊತ್ತಿಗೆ. ಭಾನುವಾರ ಬಿಟ್ಟರೆ ಉಳಿದ ದಿನಗಳಲ್ಲಿ ಭಾವನವರು ನನ್ನ ಪಾಲು. ಹಸುಗಳಿಗೆ ಮೇವು ಬರಬೇಕಾದದ್ದು ದೊಡ್ಡ ರಸ್ತೆಯ ಆಚೆಗಿರುವ ಹೊಲದಿಂದ. ಊಟ ಮುಗಿಸಿ ಹೋಗಿ ಹುಲ್ಲು ಕೊಯ್ದು, ಟ್ರೈಲರಿನ ಮೇಲೆ ನನಗಿಂತ ಎತ್ತರಕ್ಕೆ ಹೇರಿ, ಹಗ್ಗ ಬಿಗಿದು, ಮುಸ್ಸಂಜೆಗೆ ಮನೆ ಸೇರುತ್ತೇನೆ. ಯಾರಾದರೂ ಕೇಳಿದರೆ ಇವರು, "ಅವಳು ಮನೇಲೇ ಇರ್ತಾಳೆ, ಸಂಜೆ ಸ್ವಲ್ಪ ಹುಲ್ಲು ತರ್ತಾಳೆ" ಅನ್ನುತ್ತಾರೆ.

ಆ ಸ್ವಲ್ಪ ಹುಲ್ಲಿನೊಂದಿಗೆ ಬರುತ್ತಿದ್ದಾಗಲೇ ಒಂದು ಸಂಜೆ ಹಿಂದಿನಿಂದ ಬಸ್ಸು ಬಂದದ್ದು. ಬ್ರೇಕಿನ ಕಿರುಚಾಟ ಕೇಳಿಸಿತು, ಆಮೇಲೆ ಮರ ಸೀಳಿದ ಸದ್ದು. ಟ್ರೈಲರಿನ ಹಿಂದಿನ ಹಲಗೆಯ ಮೂಲೆ ಮುರಿದಿತ್ತು, ಅಷ್ಟೇ. ಬಸ್ಸಿನ ಡ್ರೈವರು ಕೆಳಗಿಳಿದು ಬಂದ. ಮುಖ ಬಿಳುಚಿಕೊಂಡಿತ್ತು. "ಏನಮ್ಮಾ, ಹಿಂದೆ ಒಂದು ಲೈಟಿಲ್ಲ, ಏನಿಲ್ಲ! ರಸ್ತೆ ಮಧ್ಯದಲ್ಲಿ ಒಂದು ಗುಡ್ಡ ಹೋಗ್ತಾ ಇದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದ. ಬೈಗುಳವೇನೋ ನ್ಯಾಯವಾಗಿಯೇ ಇತ್ತು. ನನ್ನ ಕೈ ಸ್ಟೀರಿಂಗಿನಿಂದ ಬಿಡಿಸಿಕೊಳ್ಳಲಿಕ್ಕೆ ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದು ಹೇಳಿದೆ. ಇವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಶೆಡ್ಡಿಗೆ ಓಡಿದರು.

"ಮಡ್‌ಗಾರ್ಡಿಗೆ ಏನೂ ಆಗಿಲ್ಲ, ಸದ್ಯ!" ಎಂದು ಅಲ್ಲಿಂದಲೇ ಕೂಗಿದರು.

"ನಂಗೂ ಏನೂ ಆಗಿಲ್ಲ," ಎಂದು ನಾನು ಇಲ್ಲಿಂದಲೇ ಕೂಗಿದೆ. "ಕೇಳಿದ್ದಕ್ಕೆ ತುಂಬಾ ಸಂತೋಷ."

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅವರೆಕಾಯಿಯೋ ಬಟಾಣಿಯೋ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಅತ್ತೆಯ ನಾಲಗೆಗೆ ಊರೇ ಹೆದರುತ್ತದೆ. ಆದರೆ ಟ್ರ್ಯಾಕ್ಟರಿನ ವಿಷಯ ಬಂದರೆ ಮಾತ್ರ ಅದೇಕೋ ಬಾಯಿಗೆ ಬೀಗ.

ಅಂದಿನಿಂದ ನನ್ನ ಬೆನ್ನಿಗೆ ಕಿವಿ ಬಂತು. ದೊಡ್ಡ ರಸ್ತೆಗೆ ಇಳಿದದ್ದೇ ತಡ, ಹೆಗಲ ನಡುವಿನ ಜಾಗ ಬಿಗಿದುಕೊಳ್ಳುತ್ತಿತ್ತು. ಮುಂದಿನ ದಾರಿ ನೋಡಬೇಕಾದವಳು ಹಿಂದಿನ ಸದ್ದು ಎಣಿಸುತ್ತಿದ್ದೆ. ಇದು ಲಾರಿ, ಇದು ಬೈಕು, ಇದು ನನ್ನನ್ನು ಕಂಡಿತು, ಇದು ಇನ್ನೂ ಕಂಡಿಲ್ಲ. ಕಾಣಿಸಿಕೊಳ್ಳಲಿಕ್ಕೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಹೊತ್ತು ಕಂತುವ ಮೊದಲೇ ಮನೆ ಸೇರಬೇಕೆಂದು ಅರ್ಧ ಹುಲ್ಲು ಹೊಲದಲ್ಲೇ ಬಿಟ್ಟು ಬರತೊಡಗಿದೆ. ಹಸುಗಳು ಹಾಲು ಕಡಿಮೆ ಮಾಡಿದವು. ಕೊನೆಗೆ ಇವರಿಗೆ ಹೇಳಿದೆ, "ಹಿಂದೆ ಲೈಟು ಹಾಕಿಸಿ. ಇಲ್ದಿದ್ರೆ ನಾಳೆಯಿಂದ ನಿಮ್ಮಣ್ಣನ್ನ ನೀವೇ ಓಡಿಸ್ಕೊಳ್ಳಿ, ನಾನು ಸ್ಕೂಟರಲ್ಲಿ ಹೋಗಿ ನಿಮ್ಮ ಕಚೇರೀಲಿ ಕೂತ್ಕೋತೀನಿ."

"ಅಪ್ಪನ ಕಾಲದಲ್ಲಿ ಲೈಟೇ ಇರ್ಲಿಲ್ಲ. ಒಂದು ದಿನ ಏನಾದ್ರೂ ಆಯ್ತಾ?"

ಈ ಮಾತಿಗೂ ಅತ್ತೆ ತಲೆಯೆತ್ತಿದರು. ಮತ್ತೆ ಕಾಯಿ ಬಿಡಿಸಿದರು.

ಹಾಗೆಂದು ಇವರು ಕಲ್ಲು ಮನಸ್ಸಿನವರಲ್ಲ. ಮೂರ್ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಒಪ್ಪಿದರು. ಒಪ್ಪಿದ ಮೇಲೆ ಶುರುವಾಯಿತು ನಿಜವಾದ ಕಷ್ಟ. ಇವರು 'ಹಳೆಯಂತ್ರ ಬಳಗ'ದ ಸದಸ್ಯರು. ವರ್ಷಕ್ಕೊಮ್ಮೆ ಆ ಬಳಗದವರೆಲ್ಲ ತಮ್ಮ ತಮ್ಮ ಟ್ರ್ಯಾಕ್ಟರು, ಪಂಪು, ಹಿಟ್ಟಿನ ಗಿರಣಿಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ತೀರ್ಪುಗಾರರು ಬಂದು ಬಗ್ಗಿ ನೋಡುತ್ತಾರೆ. ಕಾರ್ಖಾನೆಯಿಂದ ಬಂದಾಗ ಇರದಿದ್ದ ಒಂದು ತಿರುಪು ಕಂಡರೂ ಅಂಕ ಕಡಿತ. ಇಂಥದ್ದರಲ್ಲಿ ಮಾವನವರ ಮಡ್‌ಗಾರ್ಡಿಗೆ ತೂತು ಕೊರೆಯುವುದೆಂದರೆ!

ಬಳಗದ ಅಧ್ಯಕ್ಷರೇ ಮನೆಗೆ ಬಂದರು. ನಿವೃತ್ತ ಕಂಡಕ್ಟರು, ಈಗಲೂ ಮಾತಾಡುವಾಗ ಒಂದು ಕೈ ಮೇಲಿನ ಕಂಬಿ ಹುಡುಕುತ್ತದೆ. ಟ್ರ್ಯಾಕ್ಟರಿಗೆ ಎರಡು ಸುತ್ತು ಬಂದು, ನಿಟ್ಟುಸಿರು ಬಿಟ್ಟು, "ಹಾಕಲೇಬೇಕಾ?" ಎಂದರು. ರೋಗಿಯ ಕಾಲು ತೆಗೆಯಲೇಬೇಕಾ ಎಂದು ಕೇಳುವ ಹಾಗೆ.

"ಇವಳು ಹೆದರ್ಕೋತಾಳೆ," ಎಂದರು ಇವರು.

"ಹೆಂಗಸರು ಹಾಗೇ," ಎಂದು ಅಧ್ಯಕ್ಷರು ನನ್ನತ್ತ ನೋಡಿ ದೊಡ್ಡ ಮನಸ್ಸಿನಿಂದ ನಕ್ಕರು. ನಾನು ಅವರ ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಮರೆತದ್ದಲ್ಲ.

ಆಗಲೇ ನಾನು ಹೇಳಿದೆ, "ಅಲ್ಲ, ಟ್ರೈಲರಿನ ಹಿಂದೆ ಹಾಕಿದ್ರೆ ಆಗಲ್ವಾ? ಹುಲ್ಲು ಹೇರಿದ್ರೆ ಟ್ರ್ಯಾಕ್ಟರು ಹಿಂದಿನೋರಿಗೆ ಕಾಣೋದೇ ಇಲ್ವಲ್ಲ."

ಇಬ್ಬರೂ ನನ್ನನ್ನು ನೋಡಿದರು. ಟ್ರೈಲರನ್ನು ನೋಡಲಿಲ್ಲ.

"ಟ್ರೈಲರು ಅಪ್ಪಂದಲ್ಲ ಕಣೇ," ಎಂದರು ಇವರು. "ಮೊನ್ನೆ ಮೊನ್ನೆ ಕೊಂಡಿದ್ದು. ಅದಕ್ಕೆ ಹಳೇ ಕಾಲದ ಅಂಥಾ ದೀಪ ಹಾಕೋದಾ?"

ಇನ್ನೊಂದು ದಿನ ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಹೇಳಿದರೆ ಅದು ಸಲಹೆಯಲ್ಲ, ಜಗಳ. ಜಗಳವಾದರೆ ತಪ್ಪು ನನ್ನದು. ಹಾಗಾಗಿ ಸುಮ್ಮನಾದೆ. ಸಂಸಾರದಲ್ಲಿ ನನ್ನ ಎಷ್ಟೋ ಸರಿಯಾದ ಮಾತುಗಳು ಹೀಗೆ ಎರಡನೇ ಸಲಕ್ಕೇ ಮುಗಿದಿವೆ.

'ಅಂಥಾ ದೀಪ'ಕ್ಕಾಗಿ ಇವರು ಗುಜರಿ ಅಂಗಡಿಗಳನ್ನು ಸುತ್ತಿದರು. ಹೊಸ ಪ್ಲಾಸ್ಟಿಕ್ ಲೈಟು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ಆದರೆ ಭಾವನವರ ವಯಸ್ಸಿಗೆ ಹೊಂದಬೇಕಲ್ಲ! ಕನ್ಯೆ ಹುಡುಕಿದಂತೆ ಹುಡುಕಿ, ಕಡೆಗೆ ಹಿತ್ತಾಳೆ ಅಂಚಿನ, ಕೆಂಪು ಗಾಜಿನ ಜೋಡಿ ದೀಪ ತಂದರು. ಬೂದಿ ಹಾಕಿ ಉಜ್ಜಿದರು. ಊಟದ ಮೇಜಿನ ಮೇಲಿಟ್ಟು ದೂರ ಹೋಗಿ ನೋಡಿದರು. ದೀಪಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಆ ದಿನಗಳಲ್ಲೆಲ್ಲ ನಾನು ಅರ್ಧ ಹುಲ್ಲಿನೊಂದಿಗೆ, ಬೆನ್ನು ಬಿಗಿದುಕೊಂಡು ಬರುತ್ತಿದ್ದೆ.

ವೈರಿಂಗಿಗೆ ಬಂದವನನ್ನು ಎಲ್ಲರೂ ಕರೆಂಟಣ್ಣ ಅನ್ನುತ್ತಾರೆ. ಮೊದಲ ದಿನ ಜೋಡಿಸಿ ಸ್ವಿಚ್ಚು ಒತ್ತಿದಾಗ ದೀಪಗಳು ಆರಿಹೋಗುವ ಕೆಂಡದ ಹಾಗೆ ಮಿಣುಕಿದವು. ಭಾವನವರ ಬ್ಯಾಟರಿ ಆರು ವೋಲ್ಟಿನದು, ಬಲ್ಬು ಹನ್ನೆರಡರದ್ದು. "ವಯಸ್ಸಾದೋರಲ್ವಾ ಅಕ್ಕ, ಇಷ್ಟೇ ಶಕ್ತಿ," ಎಂದ ಕರೆಂಟಣ್ಣ. ಸರಿಯಾದ ಬಲ್ಬಿಗಾಗಿ ಮತ್ತೊಂದು ವಾರ. ಆಮೇಲೆ ತೂತು ಕೊರೆಯುವ ದಿನ ಬಂತು. ಡ್ರಿಲ್ಲು ತಗಡಿಗೆ ತಾಗುತ್ತಿದ್ದಂತೆ ಇವರು ಎದ್ದು ಹಿತ್ತಲಿಗೆ ಹೋದರು. ನನ್ನ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಆರಾಮವಾಗಿ ಪೇಪರು ಓದುತ್ತ ಕೂತಿದ್ದವರು.

ದೀಪ ಬೆಳಗುವ ಸಂಜೆ ಅಧ್ಯಕ್ಷರು ಬಂದರು, ಕರೆಂಟಣ್ಣ ಬಂದ, ಅಕ್ಕಪಕ್ಕದವರೂ ಬಂದರು. ಅಂಗಳದ ನಡುವೆ ಭಾವನವರನ್ನು ನಿಲ್ಲಿಸಿ ಎಲ್ಲರೂ ಅವರ ಹಿಂದೆ ನಿಂತೆವು. ಟ್ರೈಲರು ಕಣ್ಣಿಗೆ ಅಡ್ಡವೆಂದು ಅದನ್ನು ಬಿಚ್ಚಿ ಗೊಬ್ಬರದ ಗುಂಡಿಯ ಪಕ್ಕಕ್ಕೆ ತಳ್ಳಿದ್ದರು. ಇವರು ಸ್ವಿಚ್ಚು ಒತ್ತಿದರು. ಎರಡು ಕೆಂಪು ಕಣ್ಣು ತೆರೆದವು. ಚಪ್ಪಾಳೆ ಬಿತ್ತು.

"ಇನ್ನು ನಿಮಗೆ ಯಾವ ಭಯಾನೂ ಇಲ್ಲಮ್ಮಾ," ಎಂದರು ಅಧ್ಯಕ್ಷರು.

ಮಾರನೇ ದಿನ ಟ್ರೈಲರು ಕಟ್ಟಿಕೊಂಡು ಹೋದೆ. ಯಾವ ಭಯವೂ ಇಲ್ಲವೆಂದು ಅಪ್ಪಣೆಯಾಗಿತ್ತಲ್ಲ, ಪೂರ್ತಿ ಹುಲ್ಲು ಹೇರಿದೆ. ಹೊತ್ತಾಯಿತು. ಸ್ವಿಚ್ಚು ಒತ್ತಿ ಹಿಂದೆ ತಿರುಗಿ ನೋಡಿದೆ. ಎರಡು ದೀಪಗಳೂ ದಿವ್ಯವಾಗಿ ಉರಿಯುತ್ತಿದ್ದವು. ಬೆಳಕೆಲ್ಲ ಹುಲ್ಲಿನ ಗೋಡೆಗೆ ಬಿದ್ದು, ಹುಲ್ಲು ಕೆಂಪಗೆ ನಾಚಿಕೊಂಡಿತ್ತು. ಹುಲ್ಲಿನ ಆಚೆಗೆ ಏನಿತ್ತೋ ಅದು ಮೊದಲಿನಂತೆಯೇ ಕತ್ತಲೆ. ಹಾದಿಯ ಪಕ್ಕ ನಿಲ್ಲಿಸಿ ಹುಲ್ಲು ಇಳಿಸಿಬಿಡಲೇ ಎಂದುಕೊಂಡೆ. ಹಸುಗಳ ನೆನಪಾಯಿತು. ಹೊರಟೆ.

ತಿರುವು ದಾಟುವಾಗ ಹಿಂದೆ ಸ್ಕೂಟರಿನ ಸದ್ದು. ಬೆನ್ನು ಹೇಳಿತು: ಕಂಡಿಲ್ಲ. ಇನ್ನೂ ಕಂಡಿಲ್ಲ. ಆಮೇಲೆ ಬ್ರೇಕು, ಜಲ್ಲಿಕಲ್ಲಿನ ಮೇಲೆ ಏನೋ ಉಜ್ಜಿದ ಸದ್ದು, ದೊಪ್ಪನೆ ಬಿದ್ದ ಸದ್ದು.

ಇಳಿದು ಓಡಿದೆ. ರಸ್ತೆ ಬದಿಯ ಚರಂಡಿಯಿಂದ ಒಂದು ದನಿ ಏಳುತ್ತಿತ್ತು.

"ಯಾವನೋ ಅವನು ಮುಠ್ಠಾಳ! ಹಿಂದೆ ಲೈಟಿಲ್ದೆ ಗಾಡಿ ಓಡಿಸ್ತಾನಲ್ಲ, ಬುದ್ಧಿ ಬೇಡ್ವಾ!"

"ಓಡಿಸ್ತಾನಲ್ಲ," ಎಂದೆ. "ಓಡಿಸ್ತಾಳೆ."

ಚರಂಡಿಯಿಂದ ಒಂದು ತಲೆ ಮೇಲೆದ್ದಿತು.

"ನೀನಾ?"

"ನಾನೇ. ನಿಮ್ಮಣ್ಣನೂ ಜೊತೆಗಿದಾರೆ."

"ಲೈಟು ಹಾಕಿರ್ಲಿಲ್ವಾ?"

"ಹಾಕಿದ್ದೆ. ಹುಲ್ಲಿಗೆ ಚೆನ್ನಾಗಿ ಕಾಣ್ತು."

ಕೈ ಕೊಟ್ಟು ಮೇಲೆಳೆದೆ. ಮಂಡಿ ತರಚಿತ್ತು, ಸ್ಕೂಟರಿನ ಕನ್ನಡಿ ಒಡೆದಿತ್ತು. ಇವರು ಕುಂಟುತ್ತ ಟ್ರೈಲರಿನ ಹಿಂದೆ ಹೋಗಿ ನಿಂತರು. ಆ ಕಪ್ಪು ಗುಡ್ಡವನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ನಾನು ಬರುವ ದಾರಿಯಲ್ಲಿ, ನಾನು ಬರುವ ಹೊತ್ತಿನಲ್ಲಿ, ನನ್ನ ಹಿಂದೆ ಅವರು ನಿಂತದ್ದು ಅದೇ ಮೊದಲು. ನನ್ನ ಕೈಯನ್ನು ಅವರು ಬಿಟ್ಟಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅದನ್ನು ಅವರಿಗೆ ಹೇಳಿ ತೋರಿಸಲಿಲ್ಲ. ಒಂದೇ ದಿನಕ್ಕೆ ಎಷ್ಟು ಅಂತ ಹೇಳುವುದು.

ಮನೆಯಲ್ಲಿ ಅತ್ತೆ ಬಿಸಿನೀರಿನ ಬಟ್ಟೆಯಿಂದ ಮಗನ ಮಂಡಿ ಒರೆಸಿದರು. ಇವರು ಮುಖ ಕಿವುಚಿಕೊಂಡು, ಯಾರಿಗೆಂದಿಲ್ಲದೆ ಹೇಳಿದರು, "ಏನೋಪ್ಪ. ಅಪ್ಪನ ಕಾಲದಲ್ಲಿ ಒಂದು ದಿನಾನೂ ಹೀಗಾಗಿರ್ಲಿಲ್ಲ."

"ಹೇಗಾಗತ್ತೆ?" ಎಂದರು ಅತ್ತೆ. "ಹಿಂದೆ ನಾನಿದ್ದೆನಲ್ಲ."

"ಎಲ್ಲಿ ಹಿಂದೆ?"

"ಹುಲ್ಲಿನ ಹಿಂದೆ ಕಣೋ. ಆಗಿನ ಹಳೇ ಟ್ರೈಲರಿನ ಕೊನೇ ಹಲಗೆ ಮೇಲೆ, ಕಾಲು ಇಳಿಬಿಟ್ಕೊಂಡು, ಲಾಟೀನು ಹಿಡ್ಕೊಂಡು. ಯಾರಾದ್ರೂ ಹತ್ರ ಬಂದ್ರೆ ಹೀಗೆ ಆಡಿಸೋದು, ಕೂಗೋದು." ಒದ್ದೆಬಟ್ಟೆಯನ್ನೇ ಎತ್ತಿ ಆಡಿಸಿ ತೋರಿಸಿದರು. "ನೀನು ಹುಟ್ಟಿದ ಮೇಲೆ ನೀನೂ ಮಡಿಲಲ್ಲಿ. ಒಂದು ಕೈಯಲ್ಲಿ ನೀನು, ಒಂದು ಕೈಯಲ್ಲಿ ಲಾಟೀನು. ನಿಮ್ಮಪ್ಪ ಮುಂದಿನ ದಾರಿ ನೋಡ್ಕೊಂಡು ಹೋಗೋರು. ನಾನು ಬರೀ ಬಿಟ್ಟುಬಂದ ದಾರಿ ನೋಡ್ತಿದ್ದೆ. ಮನೆ ಬಂತು ಅಂತ ನಂಗೆ ಗೊತ್ತಾಗ್ತಿದ್ದಿದ್ದು ಗಾಡಿ ನಿಂತ ಮೇಲೇ."

"ಅಪ್ಪ ಯಾವತ್ತೂ ಹೇಳ್ಲಿಲ್ಲ," ಎಂದರು ಇವರು, ಸಣ್ಣ ದನಿಯಲ್ಲಿ.

"ಅವರಿಗೆಲ್ಲಿ ಕಾಣ್ತಿತ್ತು? ಮಧ್ಯದಲ್ಲಿ ಹುಲ್ಲಿತ್ತಲ್ಲ."

"ಅತ್ತೆ, ಇಷ್ಟು ದಿನ ಯಾಕೆ ಸುಮ್ನಿದ್ರಿ?" ಎಂದೆ.

"ಇವನು ಅಪ್ಪನ ಕಾಲ ಅಪ್ಪನ ಕಾಲ ಅಂತಿದ್ನಲ್ಲ," ಎಂದರು ಅತ್ತೆ. "ಆ ಕಾಲದಲ್ಲಿ ಅಮ್ಮ ಎಲ್ಲಿದ್ಲು ಅಂತ ಕೇಳ್ತಾನೇನೋ ಅಂತ ಕಾಯ್ತಿದ್ದೆ."

ಅಂದರೆ ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕೆಂದರೆ ಬಳಗದವರು ಹಿಂದೆ ಒಬ್ಬ ಹೆಂಡತಿಯನ್ನೂ ಒಂದು ಲಾಟೀನನ್ನೂ ನೇತುಹಾಕಬೇಕಿತ್ತು. ಅಂಕ ಪೂರ್ತಿ ಸಿಗುತ್ತಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಿದೆ.

ಮರುದಿನ ಇವರು ಕಚೇರಿಗೆ ರಜೆ ಹಾಕಿದರು. ಮಂಡಿ ಮಡಚಲಾಗದೆ ಒಂದು ಕಾಲು ಚಾಚಿ ಕೂತು, ತಾವೇ ಸ್ಪ್ಯಾನರು ಹಿಡಿದು ಮಡ್‌ಗಾರ್ಡಿನಿಂದ ದೀಪಗಳನ್ನು ಬಿಚ್ಚಿದರು. ಕರೆಂಟಣ್ಣನನ್ನು ಕರೆಸಿ, ಅವುಗಳನ್ನು ಟ್ರೈಲರಿನ ಕೊನೆಯ ಹಲಗೆಗೆ ಕೂರಿಸಿ, ತಂತಿಯನ್ನು ಅಡಿಯಿಂದ ಎಳೆದು, ನಡುವೆ ಬಿಚ್ಚಿ ಹಾಕುವ ಪ್ಲಗ್ಗು ಇಡಿಸಿದರು. ಮೊನ್ನೆ ಮೊನ್ನೆಯ ಟ್ರೈಲರಿಗೆ ಹಿತ್ತಾಳೆ ಅಂಚಿನ ದೀಪ! ಭಾವನವರ ಮಡ್‌ಗಾರ್ಡಿನಲ್ಲಿ ಮಾತ್ರ ನಾಲ್ಕು ತೂತು ಉಳಿದವು. ವಿಷಯ ತಿಳಿದು ಅಧ್ಯಕ್ಷರು ಓಡಿ ಬಂದರು. "ತೂತನ್ನಾದ್ರೂ ಮುಚ್ಚಿ ಸ್ವಾಮಿ!" ಎಂದು ಇಲ್ಲದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇರ್ಲಿ ಬಿಡಿ," ಎಂದರು ಇವರು. ಅಧ್ಯಕ್ಷರಿಗೆ ಈ ಸಲ ಸಕ್ಕರೆ ಹಾಕಿದೆ. ಪಾಪ, ಕಹಿ ಸಾಕಷ್ಟಾಗಿತ್ತು.

ಆ ಸಂಜೆ ಹುಲ್ಲು ಹೇರಿಕೊಂಡೇ ಪರೀಕ್ಷೆ. ನಾನು ಮನೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ ಸ್ವಿಚ್ಚು ಒತ್ತಿದೆ. ಇವರು ಕುಂಟುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು.

"ಕಾಣ್ತಾ?" ಎಂದು ಸೀಟಿನಿಂದಲೇ ಕೂಗಿದೆ.

"ಕಾಣ್ತಿದೆ!"

"ಇನ್ನೂ ಹಿಂದೆ ಹೋಗಿ. ಈಗ?"

"ಕಾಣ್ತಿದೀಯಾ!" ಎಂದು ದೂರದಿಂದ ದನಿ ಬಂತು. ನನ್ನ ಹೆಗಲ ನಡುವಿನ ಗಂಟು ಸಡಿಲವಾಯಿತು. ಇಂಜಿನ್ನು ಆರಿಸದೆ ಹಾಗೇ ಸ್ವಲ್ಪ ಹೊತ್ತು ಕೂತೆ.

ಆಮೇಲೆ ಇಳಿದು ಹೋಗಿ ನೋಡಿದರೆ ಅತ್ತೆಯೂ ಬಂದು ಟ್ರೈಲರಿನ ಹಿಂದೆ, ರಸ್ತೆಯ ಮೇಲೆ ನಿಂತಿದ್ದರು. ಆ ಎರಡು ಕೆಂಪು ದೀಪಗಳನ್ನೇ ದಿಟ್ಟಿಸುತ್ತಿದ್ದರು. ಅವರ ಮುಖಕ್ಕೂ ಕೆಂಪು ಬಿದ್ದಿತ್ತು.

"ಹಿಂದಿನೋರಿಗೆ ನಾನು ಹೀಗಾ ಕಾಣ್ತಿದ್ದಿದ್ದು?" ಎಂದರು.

"ಹೇಗಿದೆ ಅತ್ತೆ?"

ಅತ್ತೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಅಧ್ಯಕ್ಷರಿಗಿಂತ ಗಂಭೀರವಾಗಿ ನೋಡಿ ತೀರ್ಪು ಕೊಟ್ಟರು.

"ಪರವಾಗಿಲ್ಲ. ಬೆಳಕು ನನ್ನ ಲಾಟೀನಿಗಿಂತ ಜಾಸ್ತಿ. ಕೂಗಾಟ ಕಮ್ಮಿ."