ಕೊನೆಯ ಉಸಿರಿನ ಸಾಕ್ಷ್ಯ

ನಾನೇ ಬರೆದ ಆಟವನ್ನು ಕೊನೆಯ ಬಾರಿ ಪರೀಕ್ಷಿಸುತ್ತಿದ್ದ ದಿನ ನನಗೆ ಕಚೇರಿಯ ಬಚ್ಚಲಲ್ಲಿ ವಾಂತಿಯಾಯಿತು. ಬೆಳಿಗ್ಗೆ ತಿಂದ ಅನ್ನದುಂಡೆ ಹಳಸಿತ್ತೇನೋ ಎಂದು ಪಕ್ಕದ ಮೇಜಿನವಳು ಕೇಳಿದಳು. ಅನ್ನದುಂಡೆ ಚೆನ್ನಾಗಿಯೇ ಇತ್ತು.

ಒಸಾಕಾದ ನಮ್ಮ ಸಣ್ಣ ಕಂಪನಿಗೆ ಅಪರೂಪಕ್ಕೆ ಸಿಕ್ಕಿದ ದೊಡ್ಡ ಹೆಸರಿನ ಕೆಲಸ ಅದು. 'ಧೂಮಕೇತು ದಳ' ಎಂಬ ಬಾಹ್ಯಾಕಾಶದ ಧಾರಾವಾಹಿ ನಾನು ಹುಟ್ಟುವ ಮೊದಲೇ ಶುರುವಾಗಿ ಇನ್ನೂ ನಡೆಯುತ್ತಿದೆ. ಅದರ ಸಿನಿಮಾ, ಗೊಂಬೆ, ಊಟದ ಡಬ್ಬಿ ಕಾಣದ ಮನೆಯಿಲ್ಲ. ಅದೇ ಲೋಕದಲ್ಲಿ ನಡೆಯುವ ಪುಟ್ಟ ಪತ್ತೇದಾರಿ ಆಟವೊಂದನ್ನು ಬರೆಯಲು ನನಗೆ ಹೇಳಿದರು. ಅದರಲ್ಲಿ ಗುಂಡು ಹಾರಿಸುವುದು, ಓಡುವುದು ಏನೂ ಇಲ್ಲ. ತೆರೆಯ ಮೇಲೆ ಚಿತ್ರ, ಕೆಳಗೆ ಮಾತು; ಯಾರನ್ನು ಏನು ಕೇಳಬೇಕೆಂದು ಆರಿಸುತ್ತ, ಓದುತ್ತ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಚಂದ್ರನ ಮೇಲಿನ ನೆಲೆಯಲ್ಲಿ ನಿವೃತ್ತ ಕಪ್ತಾನ ರೈಗೊನ ಕೊಲೆಯಾಗುತ್ತದೆ. ಅವನ ಕೊನೆಯ ಉಸಿರಿನ ಸದ್ದು ಕೋಣೆಯ ಯಂತ್ರದಲ್ಲಿ ದಾಖಲಾಗಿರುತ್ತದೆ. ಆಡುವವರು ಅದನ್ನು ಮತ್ತೆ ಮತ್ತೆ ಕೇಳಿ ಕೊಲೆಗಾರನನ್ನು ಹಿಡಿಯಬೇಕು.

ಧಾರಾವಾಹಿಯ ಮೊದಲಿಂದಲೂ ರೈಗೊನಿಗೆ ಧ್ವನಿ ಕೊಡುತ್ತ ಬಂದವರು ಹಿರಿಯ ನಟ ನಗಾಯೆ. ಧ್ವನಿಮುದ್ರಣಕ್ಕೆ ಕೋಬೆಯಿಂದ ಹೆಂಡತಿ ಶಿಜುಯೊ ಅವರ ಜೊತೆ ಬಂದಿದ್ದರು. ನಾನು ಬಗ್ಗಿ ನಮಸ್ಕರಿಸಿ, ನಿಮ್ಮನ್ನು ಕೊಂದದ್ದಕ್ಕೆ ಕ್ಷಮಿಸಿ ಗುರುಗಳೇ ಎಂದೆ.

"ಇಷ್ಟು ವರ್ಷ ಯಾರೂ ನನ್ನ ನೆಮ್ಮದಿಯಾಗಿ ಸಾಯೋಕೂ ಬಿಡ್ಲಿಲ್ಲ," ಎಂದರು ಅವರು. "ನೀನಾದ್ರೂ ಮನಸ್ಸು ಮಾಡಿದ್ಯಲ್ಲಮ್ಮ."

ಮಾತುಗಳೆಲ್ಲ ಸರಾಗವಾಗಿ ಮುಗಿದವು. ಉಳಿದದ್ದು ಸಾವಿನ ಸದ್ದು. ಅವರು ಅದನ್ನು ಬಗೆಬಗೆಯಾಗಿ ಮಾಡಿದರು; ನಿರ್ಮಾಪಕ ಉಗಾಕಿ ಪ್ರತಿ ಸಲವೂ ತಲೆಯಾಡಿಸಿ, ಇನ್ನೂ ಸಾವು ಬರಲಿಲ್ಲ ಎನ್ನುತ್ತಿದ್ದ. ಗಾಜಿನಾಚೆ ಮುದುಕರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮತ್ತೊಮ್ಮೆ ಬಾಯಿ ತೆರೆದಾಗ ಗಂಟಲಿನ ಆಳದಿಂದ ಒದ್ದೆಯಾದ, ಎಳೆದೆಳೆದು ಹರಿದಂಥ ಸದ್ದೊಂದು ಬಂತು. ಉಗಾಕಿ ಖುಷಿಯಿಂದ ಹೆಬ್ಬೆರಳೆತ್ತಿದ. ಮೂಲೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಶಿಜುಯೊ ಮಾತ್ರ ಎದ್ದು ಬಾಗಿಲು ತಳ್ಳಿ, "ರೀ" ಎಂದು ಕೂಗುತ್ತ ಒಳಗೆ ನುಗ್ಗಿದರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ನಗಾಯೆ ಬದುಕಿಕೊಂಡರು, ಮಾತು ಹೋಯಿತು.

ಉಗಾಕಿ ಆಸ್ಪತ್ರೆಗೆ ರಿಬ್ಬನ್ ಕಟ್ಟಿದ ಕರಬೂಜ ಕಳಿಸಿದ. ಆ ಸದ್ದನ್ನು ಬೇರೆ ನಟನಿಂದ ಮಾಡಿಸೋಣ ಎಂದು ನಮಗೆಲ್ಲ ಹೇಳಿದ. ನಾವು ನಂಬಿದೆವು.

ಪರೀಕ್ಷೆಯ ದಿನ, ಆಟದಲ್ಲಿ ಕಪ್ತಾನನ ಕೋಣೆಯ ಬಾಗಿಲು ತೆರೆಯಿತು. 'ಸಾಕ್ಷ್ಯ: ಕೊನೆಯ ಉಸಿರು. ಮತ್ತೆ ಕೇಳಲು ಒತ್ತಿ' ಎಂದು ನಾನು ಬರೆದ ಸಾಲು ಮೂಡಿತು. ಒತ್ತಿದೆ. ಅದೇ ಸದ್ದು. ಅದರ ತುದಿಯಲ್ಲಿ, ಕತ್ತರಿ ಸರಿಯಾಗಿ ಬೀಳದೆ, ಒಂದು ಹೆಣ್ಣುದನಿಯ ಚೂರು ಉಳಿದಿತ್ತು. ಕೂಗು ಬಾಯಿಂದ ಪೂರ್ತಿ ಹೊರಬರುವ ಮುನ್ನ ಕಡಿದು ಹಾಕಿದ್ದರು. ಹೆಡ್‌ಫೋನ್ ಕಿತ್ತೆಸೆದು ಬಚ್ಚಲಿಗೆ ಓಡಿದೆ.

ಬಾಯಿ ತೊಳೆದುಕೊಂಡು ಉಗಾಕಿಯ ಕೋಣೆಗೆ ಹೋದರೆ, ಅವನು ಅಷ್ಟಪಾದಿಯ ಮಾಂಸದ ಬಿಸಿ ಉಂಡೆಗಳನ್ನು ಕಡ್ಡಿಯಿಂದ ಚುಚ್ಚಿ ತಿನ್ನುತ್ತಿದ್ದ. ತುಟಿಯ ಮೇಲೆ ಕಂದು ಸಾಸು. ಆ ಸದ್ದನ್ನು ತೆಗೆಯಿರಿ ಎಂದೆ. ಧ್ವನಿಮುದ್ರಣದ ಕೋಣೆಯಲ್ಲಿ ದಾಖಲಾದದ್ದೆಲ್ಲ ಕಂಪನಿಯದು, ನಗಾಯೆ ಸಹಿ ಹಾಕಿದ ಒಪ್ಪಂದದಲ್ಲಿ ಹಾಗೇ ಇದೆ ಎಂದ.

"ಅವ್ರು ಸಾಯ್ತಾ ಇದ್ರು, ಉಗಾಕಿ ಸಾರ್."

"ಸತ್ತಿಲ್ವಲ್ಲ? ಸತ್ತಿದ್ರೆ ನಾನೇ ತೆಗೀತಿದ್ದೆ." ಇನ್ನೊಂದು ಉಂಡೆ ಬಾಯಿಗಿಟ್ಟ. "ನಟನಿಗೆ ಇದಕ್ಕಿಂತ ಗೌರವ ಏನಿದೆ ಹೇಳು. ನೀನೂ ಒಂದು ತಿಂತೀಯಾ?"

ಬಾಗಿಲ ಹೊರಗೆ ಕೂತವರೆಲ್ಲ ತಮ್ಮ ತಮ್ಮ ತೆರೆಗಳೊಳಗೆ ತಲೆ ಹುದುಗಿಸಿದ್ದರು. ನನಗೆ ಅವರನ್ನು ನೋಡಿದರೂ ಅಸಹ್ಯವಾಯಿತು.

ಮರುದಿನ ರಜೆ ಹಾಕಿ, ಆಟವಿದ್ದ ಲ್ಯಾಪ್‌ಟಾಪ್ ಹಿಡಿದು ಕೋಬೆಗೆ ಹೋದೆ. ನಗಾಯೆ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ನಡೆದದ್ದನ್ನು ಹೇಳಿದೆ. ಶಿಜುಯೊ ಕೈಯಿಂದ ಬಾಯಿ ಮುಚ್ಚಿಕೊಂಡರು. ಆದರೆ ನಗಾಯೆ ಎಡಗೈ ಚಾಚಿ ಹೆಡ್‌ಫೋನ್ ಕೊಡು ಎಂದು ಸನ್ನೆ ಮಾಡಿದರು. ಬೇಡ ಎಂದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೊನೆಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹಳಸಿದ ಸಾರು ನಾಲಿಗೆಗೆ ತಗುಲಿದವರಂತೆ ಮುಖ ಕಿವುಚಿ, ಬಹಳ ಕಷ್ಟಪಟ್ಟು ಒಂದು ಮಾತು ಹೊರಡಿಸಿದರು.

"ಕೆ... ಕೆಟ್ಟದು."

"ನಟನೆ ಕೆಟ್ಟದು ಅಂತಿದಾರೆ," ಎಂದರು ಶಿಜುಯೊ. ಅಳು ತಡೆದುಕೊಂಡಿದ್ದರು. "ಇಂಥದ್ದನ್ನ ಇವ್ರು ಜನರ ಮುಂದೆ ಇಡ್ತಿರ್ಲಿಲ್ಲ."

ಅವರು ಹೆಡ್‌ಫೋನ್ ತಾವು ಹಾಕಿಕೊಂಡು ಕೇಳಿದರು. ಬಳಿಕ ನನ್ನ ಮುಂದೆಯೇ ಉಗಾಕಿಗೆ ಫೋನ್ ಮಾಡಿದರು. ಮೊದಲು ಕರಬೂಜಕ್ಕೆ ಕೃತಜ್ಞತೆ ಹೇಳಿದರು. ನಂತರ ಅಷ್ಟೇ ಮೆತ್ತಗೆ, "ಅದ್ರ ಕೊನೇಲಿ ನನ್ನ ಧ್ವನಿ ಇದೆ ಸಾರ್. ನಾನು ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ವಕೀಲ್ರ ಹತ್ರ ಹೋಗ್ಬೇಕಾ, ನೀವೇ ತೆಗೀತೀರಾ?" ಎಂದರು.

ಆ ಚೂರನ್ನಷ್ಟೇ ಕತ್ತರಿಸುತ್ತೇನೆ ಎಂದು ಅವನು ಹೇಳಿರಬೇಕು. ಶಿಜುಯೊ, ಹಾಗಾದರೆ ಧಾರಾವಾಹಿಯ ಮಾಲೀಕರಿಗೇ ಕೇಳಿಸುತ್ತೇನೆ ಎಂದರು. ಆ ಸಂಜೆಯೇ ಸದ್ದು ಬದಲಾಯಿತು. ನಗಾಯೆ ಮೊದಲು ಮಾಡಿ ತೋರಿಸಿದ್ದರಲ್ಲಿ ಒಂದನ್ನು ಹಾಕಿದರು. ಆಟದಲ್ಲಿ ಈಗ ಇರುವುದು ಅದು. ಅದನ್ನು ಕೇಳಿ ಅಳು ಬಂತೆಂದು ಎಷ್ಟೋ ಜನ ಬರೆದರು.

ಆಟ ಗೆದ್ದಿತು. ಸಂತೋಷಕೂಟಕ್ಕೆ ಎಲ್ಲರೂ ಬರಲೇಬೇಕಿತ್ತು. ನಡುವೆ ಒಲೆಯ ಮೇಲೆ ಪಾತ್ರೆಯಲ್ಲಿ ಮೀನು, ಎಲೆಕೋಸು ಕುದಿಯುತ್ತಿತ್ತು. ಬಿಯರ್ ಏರಿದ ಉಗಾಕಿ ಫೋನ್ ತೆಗೆದು, ಅಸಲಿ ಮಾಲು ನನ್ನ ಹತ್ತಿರವಿದೆ ಎಂದು ಹಾಕಿಯೇಬಿಟ್ಟ. ಆ ಒದ್ದೆ ಸದ್ದು ಊಟದ ಮೇಲೆ ಹರಡಿತು. ಜನ ಚಾಪ್‌ಸ್ಟಿಕ್ ಹಿಡಿದೇ ಮುಂದಕ್ಕೆ ಬಾಗಿದರು. ಯಾರೋ "ಇನ್ನೊಂದ್ಸಲ" ಎಂದರು.

ನಾನು ಅವನ ಕೈಯಿಂದ ಫೋನ್ ಕಿತ್ತು ಕುದಿಯುವ ಪಾತ್ರೆಗೆ ಹಾಕಿದೆ.

ಉಗಾಕಿ ಸೌಟಿನಿಂದ ಕೆದಕುತ್ತಿದ್ದ. ಎಲೆಕೋಸಿನ ನಡುವೆ ಕಪ್ಪಗೆ ಅದು ಮೇಲೆದ್ದು ಮತ್ತೆ ಮುಳುಗಿತು. ಮರುದಿನ ರಾಜೀನಾಮೆ ಕೊಟ್ಟೆ. ಅವನು ದೂರು ಕೊಡಲಿಲ್ಲ. ಕೊಟ್ಟರೆ ಫೋನಿನಲ್ಲಿ ಏನು ಕೇಳಿಸುತ್ತಿತ್ತೆಂದು ಹೇಳಬೇಕಾಗುತ್ತಿತ್ತು. ಆ ಸದ್ದಿನ ಇನ್ನೊಂದು ಪ್ರತಿ ಅವನ ಬಳಿ ಖಂಡಿತ ಇರುತ್ತದೆ. ಅದು ನೆನಪಾದಾಗಲೆಲ್ಲ ನನಗೆ ಈಗಲೂ ಊಟ ಸೇರುವುದಿಲ್ಲ.