ಪಾಳಿ ಹೇಳುವ ಸರ್ವರ್

ಚಲುವರಾಜುವಿನ ಆಲೆಮನೆ ಇರುವುದು ದುದ್ದದ ಹತ್ತಿರ. ಅಲ್ಲಿ ಯಾರ ಕಬ್ಬು ಮೊದಲು ಗಾಣಕ್ಕೆ ಹೋಗಬೇಕೆಂಬುದನ್ನು ಯಾರ ಗಂಟಲು ದೊಡ್ಡದೋ ಅವರೇ ತೀರ್ಮಾನಿಸುತ್ತಿದ್ದರು. ಕಾಲೋನಿಯ ಪಟ್ಟಲಮ್ಮನ ಗಾಡಿ ಬೆಳಿಗ್ಗೆಯೇ ಬಂದರೂ ಸಂಜೆವರೆಗೆ ಬೇಲಿ ಪಕ್ಕದಲ್ಲಿ ನಿಂತಿರುತ್ತಿತ್ತು. ಕಡಿದ ಕಬ್ಬು ಬಿಸಿಲಿಗೆ ಒಣಗಿದಷ್ಟೂ ಹಾಲು ಕಡಿಮೆ. ಗಾಣಕ್ಕೆ ಕಬ್ಬು ಕೊಡುವ ಕೆಲಸ ನನ್ನದು. ಇದನ್ನು ನೋಡಿ ನೋಡಿ ಮೈ ಉರಿದುಹೋಗಿತ್ತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಕೂಗಾಡಿದರೆ ಯಾರು ಕೇಳುತ್ತಾರೆ? ಅದಕ್ಕೇ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸರ್ವರ್ ಬರೆದೆ.

ಬರೆದದ್ದು ಸ್ಕೀಮ್ ಎಂಬ ಭಾಷೆಯಲ್ಲಿ. ಸಣ್ಣ ಭಾಷೆ, ಪೂರ್ತಿ ತಲೆಯಲ್ಲಿ ಹಿಡಿಯುತ್ತದೆ. ಬ್ರಾಕೆಟ್ಟುಗಳು ಮಾತ್ರ ಹೊಲದ ಕಳೆಯ ಹಾಗೆ. ಸರ್ವರ್ ಸಾಕೆಟ್ ಎಂಬ ಒಂದು ಬಾಗಿಲು ತೆರೆದು ಕಾಯುತ್ತದೆ. ಅಂಗಳದ ವೈಫೈನಲ್ಲಿ ಯಾರಾದರೂ ಮೊಬೈಲಿನ ಗುಂಡಿ ಒತ್ತಿದರೆ ಅವರನ್ನು ಒಳಗೆ ಕರೆದು, ಗಾಡಿಗಳು ಬಂದ ಕ್ರಮದಂತೆ ಈಗ ಯಾರ ಪಾಳಿ, ಮುಂದೆ ಯಾರದು ಎಂದು ಬರೆದು ಕಳಿಸಿ, ಮತ್ತೆ ಮೊದಲಿನಂತೆ ಕಾಯುತ್ತದೆ. ಎಲ್ಲರ ಕೈಯಲ್ಲೂ ಒಂದೇ ಉತ್ತರವಿದ್ದರೆ ನಡುವೆ ನುಗ್ಗುವುದು ಹೇಗೆ?

ಚಲುವರಾಜು ಒಂದು ದಿನದ ಮಟ್ಟಿಗೆ ಒಪ್ಪಿದ. "ಕೆಟ್ಟೋದ್ರೆ ಎತ್ಕಂಡ್ ಓಯ್ತಾ ಇರು. ನಮ್ ಪಾಡಿಗ್ ನಾವ್ ನಡ್ಸ್ಕತೀವಿ."

ಮಧ್ಯಾಹ್ನ, ಪಟ್ಟಲಮ್ಮನ ಪಾಳಿ ಬರುವ ಹೊತ್ತಿಗೆ ಸರಿಯಾಗಿ, ಸರ್ವರ್ ಸತ್ತಿತು. ಎಬ್ಬಿಸಿದೆ. ಮತ್ತೆ ಸತ್ತಿತು.

"ಯಾಕ್ಲಾ, ನಿನ್ ಕಂಪ್ಯೂಟ್ರೂ ಸ್ಕೂಲ್ ಬುಟ್ಬುಡ್ತಾ?" ಎಂದ ಹೊನ್ನಯ್ಯ, ಚಲುವರಾಜುವಿನ ಹೆಂಡತಿಯ ಅಣ್ಣ. ಆಗಷ್ಟೇ ಬಂದವನು ತನ್ನ ಟ್ರ್ಯಾಕ್ಟರನ್ನು ನೇರ ಗಾಣದ ಬಾಯಿಗೇ ತಂದು ನಿಲ್ಲಿಸಿದ.

ಬೇಕಂತಲೇ ಯಾರೋ ಕೆಡಿಸುತ್ತಿದ್ದಾರೆ ಎಂದುಕೊಂಡು ಪರದೆ ನೋಡಿದೆ. ಸಾಯುವ ಮುಂಚೆ ಎರಡು ಸಲವೂ ಒಂದೇ ಮೊಬೈಲು ಬಂದಿತ್ತು. ಬಂದು, ಉತ್ತರ ತಲುಪುವ ಮೊದಲೇ ಕಟ್ ಮಾಡಿತ್ತು. ಎದುರಿಗೆ ಇಲ್ಲದವರಿಗೆ ಬರೆಯಹೋಗಿ ನನ್ನ ಸರ್ವರ್ ಮಗುಚಿಕೊಂಡಿತ್ತು. ಮೊಬೈಲು ಪ್ರಿಯಾಂಕಳದು. ಪಟ್ಟಲಮ್ಮನ ಮಗಳು!

ಗಾಡಿಯ ಹತ್ತಿರ ಓಡಿದೆ. "ಏನಮ್ಮೀ ನೀನು? ಒತ್ತಿ ಒತ್ತಿ ಯಾಕ್ ಕಟ್ ಮಾಡೀಯೆ?"

ಅವಳು ಬೆಚ್ಚಿದಳು. ಪಟ್ಟಲಮ್ಮನೇ ಬಾಯಿಬಿಟ್ಟಳು. "ನಾನೇ ಯೋಳ್ದೆ ಕಣಪ್ಪ, ಒಂದ್ ಮಿಸ್ ಕಾಲ್ ಕೊಡು ಅಂತ. ನಾವಿಲ್ಲೇ ಕಾಯ್ತಾ ಕುಂತಿವಿ ಅನ್ನೋದು ನಿಂಗೆ ಗ್ಯಾನ ಇರ್ಲಿ ಅಂತ."

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ನಮ್ಮ ಕಡೆ ಒಂದು ರಿಂಗು ಕೊಟ್ಟರೆ ಸಾಕು, ಬಂದಿದ್ದೇನೆ, ಮರೆಯಬೇಡ ಎಂದರ್ಥ. ಇವರು ಕೇಳಿದ್ದಕ್ಕೆ ನಿಂತು ಉತ್ತರ ಕೊಟ್ಟವರು ಯಾರಿದ್ದಾರೆ, ಉತ್ತರಕ್ಕೆ ಕಾಯುವ ಅಭ್ಯಾಸವಾಗಲು? ಕೇಳಿದವರೆಲ್ಲ ಕಾದೇ ಕಾಯುತ್ತಾರೆ ಎಂದು ನಂಬಿ ಬರೆದವನು ನಾನು.

ಉತ್ತರ ಕಳಿಸುವ ಸಾಲಿನ ಸುತ್ತ ಇನ್ನೊಂದು ಬ್ರಾಕೆಟ್ಟು ಕಟ್ಟಿದೆ: ಬಂದವರು ಹೊರಟುಹೋಗಿದ್ದರೆ ಹೋಗಲಿ, ನೀನು ಸಾಯಬೇಡ, ಮುಂದಿನವರನ್ನು ಕರೆ.

"ಈಗ ಎಷ್ಟಾದ್ರೂ ಮಿಸ್ ಕಾಲ್ ಕೊಡಮ್ಮೀ."

ಪ್ರಿಯಾಂಕ ಕೊಟ್ಟಳು. ಸರ್ವರ್ ಅಲುಗಲಿಲ್ಲ. ಅಷ್ಟರಲ್ಲಿ ಹೊನ್ನಯ್ಯ ಕಬ್ಬು ಇಳಿಸತೊಡಗಿದ್ದ.

"ಪಾಳಿ ಪಟ್ಟಲಮ್ಮಂದು," ಎಂದೆ.

"ಯಾವನ್ಲಾ ಯೋಳ್ದೋನು?"

ಅಂಗಳದಲ್ಲಿದ್ದವರೆಲ್ಲ ಗುಂಡಿ ಒತ್ತಿದರು. "ಪಟ್ಟಲಮ್ಮ ಅಂತ್ಲೇ ಬಂದದೆ," ಎಂದ ಇನ್ನೊಂದು ಗಾಡಿಯ ಮೇಲಿದ್ದ ಮುದುಕ ಅಂಕಯ್ಯ. "ನಂಗೂ ಅದೇಯ," ಎಂದರು ಇನ್ಯಾರೋ. ಚಲುವರಾಜು ತನ್ನ ಮೊಬೈಲು ನೋಡಿದ, ಹೊನ್ನಯ್ಯನ ಮುಖ ನೋಡಿದ.

"ಬಾವ, ಟ್ಯಾಕ್ಟ್ರು ಇಂದಕ್ ತಗಿ."

"ನಾಳಿಂದ ಬ್ಯಾರೆ ಆಲೆಮನೆಗ್ ಓಯ್ತೀನಿ, ನೋಡ್ಕೊ."

"ಓಗೀವಂತೆ, ಈಗ್ ತಗಿ."

ಪಟ್ಟಲಮ್ಮ ಮೊದಲ ಹೊರೆಯನ್ನು ತಾನೇ ತಂದು ನನ್ನ ಕೈಗೆ ಕೊಟ್ಟಳು. ಬಿಸಿಲಿಗೆ ಒಣಗಿ ಕಬ್ಬು ಆಗಲೇ ಹಗುರವಾಗಿತ್ತು. ಗಾಣಕ್ಕೆ ಕೊಟ್ಟೆ.